ಶನಿವಾರದ ಕಪ್ಪು ನೂಡಲ್ಸ್

ಶನಿವಾರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ತಮ್ಮ ರಘು ಕೈಲಿದ್ದ ಫೋರ್ಕನ್ನು ಬಟ್ಟಲಿನ ಪಕ್ಕಕ್ಕಿಟ್ಟ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಹೋಟೆಲಿನ ಗಲ್ಲಾದ ಮೇಲಿದ್ದ ಗಡಿಯಾರದ ಮೇಲೆ ಕಣ್ಣಿಡುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದ್ದರು. ಒಂದೂವರೆಗೆ ಏಳಬೇಕು, ಲೈಬ್ರರಿಗೆ ಹೋಗಿ ಕೈಗೆ ಸಿಕ್ಕ ಮೂರು ಪುಸ್ತಕ ತೆಗೆದುಕೊಳ್ಳಬೇಕು, ಎರಡೂಕಾಲಿಗೆ ಮನೆಯಲ್ಲಿರಬೇಕು. ನನಗಾಗ ಹತ್ತು ವರ್ಷ, ರಘುವಿಗೆ ಆರು. ಅವನು ಬಾಯಿ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ತುಟಿಯ ಸುತ್ತ ಚರ್ಮ ಕೆಂಪಗೆ ಉಬ್ಬಿತ್ತು.

“ಅಕ್ಕ, ಮೈ ಟಂಗ್ ಈಸ್ ಟೂ ಬಿಗ್.”

ಅಪ್ಪ ಬಟ್ಟಲಿನಿಂದ ತಲೆ ಎತ್ತದೆ ನಕ್ಕರು.

“ಮಾತು ಕಮ್ಮಿ ಮಾಡು ಮರಿ, ತಾನೇ ಸಣ್ಣಗಾಗತ್ತೆ.”

ನಾನೂ ನಕ್ಕೆ. ಅದನ್ನು ಬರೆಯದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಮೂವರಲ್ಲಿ ಇಬ್ಬರು ನಗುತ್ತಿದ್ದೆವು.

ನಮ್ಮ ಮನೆ ಇದ್ದದ್ದು ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ. ಅಪ್ಪ ಅಲ್ಲಿನ ಸರ್ಕಾರಿ ಲ್ಯಾಬೊಂದರಲ್ಲಿ ಕೆಮಿಸ್ಟ್. ಆ ಮನೆಯಲ್ಲಿ ಟವೆಲುಗಳನ್ನು ಜೋಡಿಸಿಡಲೆಂದು ಕಟ್ಟಿದ್ದ ಒಂದು ಕ್ಲಾಸೆಟ್ಟನ್ನು ಅಮ್ಮ ಖಾಲಿ ಮಾಡಿಸಿ ದೇವರ ಮನೆ ಮಾಡಿಕೊಂಡಿದ್ದಳು. ಬಾಗಿಲು ತೆಗೆದರೆ ಒಳಗಿನ ಬಲ್ಬು ತಾನಾಗಿ ಹತ್ತಿಕೊಳ್ಳುತ್ತಿತ್ತು. ದೇವರು ದಿನವಿಡೀ ಕತ್ತಲೆಯಲ್ಲಿ ಕೂತು ಅಮ್ಮ ಬಂದಾಗ ಎಚ್ಚರಾಗುತ್ತಾನೆ ಎಂದು ರಘು ನಂಬಿದ್ದ. ಬಾತ್‌ರೂಮಿನಲ್ಲಿ ಅಡ್ಡಲಾಗಿ ಕಟ್ಟಿದ ನೈಲಾನ್ ಹಗ್ಗದ ಮೇಲೆ ಅಮ್ಮನ ಮಡಿ ಸೀರೆ ಒಣಗುತ್ತಿತ್ತು. ನಾವು ಸ್ನಾನಕ್ಕೆ ಹೋದರೆ ಅದಕ್ಕೆ ತಗುಲದಂತೆ ಬಗ್ಗಿ ನಡೆಯಬೇಕು. ಹೊರಗಿನಿಂದ ಬಂದವರು ಬಾಗಿಲಲ್ಲೇ ನಿಂತು “ಅಮ್ಮ, ಮಡೀನಾ?” ಎಂದು ಕೂಗಿ ಕೇಳಿ, ಉತ್ತರ ಬಂದ ಮೇಲೆ ಒಳಗೆ ಕಾಲಿಡಬೇಕು. ನಂಜನಗೂಡಿನ ಅಗ್ರಹಾರದಲ್ಲಿ ಇಪ್ಪತ್ತೆರಡು ವರ್ಷ ನಡೆದುಕೊಂಡ ಹಾಗೆಯೇ ಅವಳು ಮೇರಿಲ್ಯಾಂಡಿನಲ್ಲೂ ನಡೆದುಕೊಂಡಳು. ಅದರಲ್ಲಿ ಅವಳಿಗೆ ಕಷ್ಟವಿತ್ತೇ, ಸಂತೋಷವಿತ್ತೇ ಎಂದು ನಾವು ಯಾರೂ ಕೇಳಲಿಲ್ಲ.

ಶನಿವಾರ ಅಮ್ಮನಿಗೆ ಒಪ್ಪೊತ್ತು. ಮೂರೂವರೆಗೆ ಪೂಜೆ, ನೈವೇದ್ಯ ಮುಗಿಸಿದ ಮೇಲೆ ಒಂದೇ ಹೊತ್ತು ಊಟ. ಅಲ್ಲಿಯವರೆಗೆ ಒಲೆಯ ಹತ್ತಿರ ನಾವು ಸುಳಿಯುವಂತಿರಲಿಲ್ಲ. ನಮಗೆಂದು ಮೊಸರವಲಕ್ಕಿ ಕಲಸಿ ತಟ್ಟೆ ಮುಚ್ಚಿಟ್ಟಿರುತ್ತಿದ್ದಳು. ಹೀಗಾಗಿ ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನದವರೆಗೆ ನಮ್ಮಿಬ್ಬರನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗುವುದು ಅಪ್ಪನ ಪಾಲಿನ ಕೆಲಸವಾಗಿತ್ತು. ಮೊದಮೊದಲು ನಿಜವಾಗಿಯೂ ಲೈಬ್ರರಿಗೇ ಹೋಗುತ್ತಿದ್ದೆವು.

ಆ ಹೋಟೆಲಿನ ಸುದ್ದಿ ತಂದವರು ಅಪ್ಪನ ಲ್ಯಾಬಿನ ಕೊರಿಯನ್ ಸಹೋದ್ಯೋಗಿ. ರಾಕ್ವಿಲ್ ಕಡೆ ಹೋಗುವ ರಸ್ತೆಯಲ್ಲಿ, ಡ್ರೈಕ್ಲೀನಿಂಗ್ ಅಂಗಡಿಯ ಪಕ್ಕದಲ್ಲಿ, ಎಂಟು ಮೇಜುಗಳ ಸಣ್ಣ ಜಾಗ. ನಡೆಸುತ್ತಿದ್ದವರು ವಾಂಗ್ ದಂಪತಿ. ಎರಡು ತಲೆಮಾರು ಕೊರಿಯಾದಲ್ಲಿ ಬದುಕಿದ ಚೀನೀಯರು. ಗಿರಾಕಿಗಳ ಜೊತೆ ಕೊರಿಯನ್, ಅಡಿಗೆಮನೆಯಲ್ಲಿ ಚೀನೀ, ನಮ್ಮ ಜೊತೆ ಹರಕು ಇಂಗ್ಲಿಷು. ಒಳಗೆ ವಾಂಗ್ ಹಿಟ್ಟಿನ ಉಂಡೆಯನ್ನು ಹಲಗೆಗೆ ಥಪ್ ಥಪ್ ಎಂದು ಬಡಿದು, ಎರಡು ಕೈಗಳ ನಡುವೆ ಎಳೆದು, ಮಡಿಸಿ, ಮತ್ತೆ ಎಳೆದು ನೂಡಲ್ಸ್ ಮಾಡುತ್ತಿದ್ದರು. ಅದರ ಮೇಲೆ ಕಪ್ಪು ಹುರುಳಿಯಂಥ ಕಾಳನ್ನು ಹುಳಿ ಬರಿಸಿ, ಎಣ್ಣೆಯಲ್ಲಿ ಹುರಿದ ಮಂದ ಗೊಜ್ಜು. ಜಾಜಂಗ್ ಎಂದು ಅದರ ಹೆಸರು. ಪಕ್ಕದಲ್ಲಿ ಹಳದಿ ಮೂಲಂಗಿಯ ಉಪ್ಪಿನಕಾಯಿ, ಹಸಿ ಈರುಳ್ಳಿ. ಮೊದಲ ದಿನ ಆ ಬಟ್ಟಲು ಮುಂದೆ ಬಂದಾಗ ಅಪ್ಪ ಕಣ್ಣು ಮುಚ್ಚಿ ಮೂಸಿ ನನಗೆ ಹೇಳಿದರು.

“ಸುಧಾ, ಇದು ಥೇಟ್ ಹುರುಳಿ ಕಟ್ಟು ಕಣೇ. ಮೂರು ದಿನ ಕುದಿಸಿದ್ದು.”

ಅಪ್ಪ ಹಾಸನದ ಕಡೆಯವರು. ಹುರುಳಿ ಬೇಯಿಸಿ ಬಸಿದ ಕಟ್ಟಿನ ಸಾರು ದಿನದಿಂದ ದಿನಕ್ಕೆ ಕಪ್ಪಾಗಿ, ಗಟ್ಟಿಯಾಗಿ, ನಾಲ್ಕನೇ ದಿನ ರುಚಿ ಕಟ್ಟುತ್ತದೆ ಎಂದು ಹೇಳುತ್ತಿದ್ದರು. ಅಮ್ಮನಿಗೆ ಹುರುಳಿ ಆಗದು. ಅವಳ ತವರಿನಲ್ಲಿ ಅದು ಎತ್ತಿಗೆ ಇಡುವ ಕಾಳು. ಅಮೆರಿಕಕ್ಕೆ ಬಂದ ಮೇಲಂತೂ ಆ ಕಾಳೇ ಸಿಗುತ್ತಿರಲಿಲ್ಲ. ಹೀಗೆ ಅಪ್ಪನಿಗೆ ಎಲ್ಲೋ ಕಳೆದುಹೋಗಿದ್ದ ರುಚಿಯೊಂದು ರಾಕ್ವಿಲ್ ರಸ್ತೆಯಲ್ಲಿ ಸಿಕ್ಕಿತು. ಮನೆಯಲ್ಲಿ ಮಾತೇ ಆಡದೆ, ಬಡಿಸಿದ್ದನ್ನು ಉಂಡು ಎದ್ದುಹೋಗುತ್ತಿದ್ದ ಮನುಷ್ಯ ಅಲ್ಲಿ ಅಂಗಿಯ ತೋಳು ಮಡಿಸಿ, ನಮ್ಮ ಬಟ್ಟಲುಗಳನ್ನೂ ತಾವೇ ಕಲಸಿಕೊಟ್ಟು, ಹಾಸ್ಟೆಲಿನ ಕಥೆಗಳನ್ನು ಹೇಳುತ್ತಿದ್ದರು. ಆ ಅಪ್ಪ ನನಗೆ ಬೇಕಾಗಿದ್ದರು. ಅದಕ್ಕಾಗಿಯೇ ನಾನು ಗಡಿಯಾರ ನೋಡುತ್ತಿದ್ದೆ, ಅದಕ್ಕಾಗಿಯೇ ಹೊಟ್ಟೆ ಬಿರಿಯುವಷ್ಟು ತಿಂದು ಮನೆಗೆ ಬಂದು, ಅಮ್ಮನ ಕಣ್ಣೆದುರು ಮತ್ತೆ ಒಂದು ತಟ್ಟೆ ಮೊಸರವಲಕ್ಕಿ ತಿನ್ನುತ್ತಿದ್ದೆ.

“ಇದ್ರಲ್ಲಿ ಮಾಂಸ ಏನೂ ಇಲ್ಲ. ನಮಗೆ ಅಂತ ಬೇರೆ ಮಾಡ್ತಾರೆ,” ಎಂದು ಅಪ್ಪ ಹೇಳಿದ್ದರು. “ಆದ್ರೂ ಅಮ್ಮಂಗೆ ಹೇಳೋದು ಬೇಡ. ಸುಮ್ನೆ ಮನಸ್ಸಿಗೆ ಹಚ್ಕೋತಾಳೆ.”

ವಾಂಗ್ ಅವರ ಹೆಂಡತಿಯೂ ಹಾಗೆಯೇ ಹೇಳುತ್ತಿದ್ದಳು. ಬಟ್ಟಲು ಇಡುವಾಗ ರಘುವಿನ ಕೆನ್ನೆ ಹಿಂಡಿ, “ನೋ ಪಿಗ್! ಡಾಕ್ಟರ್ ಸ್ಪೆಷಲ್!” ಎಂದು ನಗುತ್ತಿದ್ದಳು. ಅಪ್ಪನಿಗೆ ಪಿಎಚ್‌ಡಿ ಇದೆಯೆಂದು ಕೇಳಿದಾಗಿನಿಂದ ಅವಳಿಗೆ ಅವರು ಡಾಕ್ಟರ್. ರಘು ಬಹಳ ಬಡಕಲು. ಅವನ ತೋಳನ್ನು ಎರಡು ಬೆರಳುಗಳಲ್ಲಿ ಹಿಡಿದು, ಅಪ್ಪನತ್ತ ತಿರುಗಿ, ಇದೇನು ಇದು ಎಂಬಂತೆ ತಲೆ ಆಡಿಸುತ್ತಿದ್ದಳು.

ಒಂದು ಶನಿವಾರ ನನ್ನ ಬಟ್ಟಲಿನ ತಳದಲ್ಲಿ ಗುಲಾಬಿ ಬಣ್ಣದ ತುಂಡೊಂದು ಸಿಕ್ಕಿತು. ಉಗುರಿನಷ್ಟು ದೊಡ್ಡದು, ಬಾಗಿತ್ತು, ಬೆನ್ನಿನ ಮೇಲೆ ಗೆರೆಗಳಿದ್ದವು. ಫೋರ್ಕಿನ ತುದಿಯಲ್ಲಿ ಹಿಡಿದು ಇದೇನು ಎಂದು ಕೇಳಿದೆ. ಅಪ್ಪ ನೋಡಿದರು. ಅರೆಗಳಿಗೆ ಹೆಚ್ಚೇ ನೋಡಿದರು.

“ಕ್ಯಾರೆಟ್,” ಎಂದರು.

ನಾನು ಅದನ್ನು ತಿನ್ನಲಿಲ್ಲ. ಕಾಗದದ ಕರವಸ್ತ್ರದಲ್ಲಿ ಸುತ್ತಿ ಮೇಜಿನ ಕೆಳಗೆ ಬಿಟ್ಟೆ. ಮತ್ತೆ ಕೇಳಲೂ ಇಲ್ಲ. ಆ ಮಧ್ಯಾಹ್ನ ಮನೆಗೆ ಬಂದ ಮೇಲೆ ರಘುವಿನ ಕತ್ತಿನ ಮೇಲೆ ದದ್ದು ಎದ್ದಿತ್ತು. ಅಮ್ಮ ಹೊಸ ಸೋಪಿನ ಮೇಲೆ ತಪ್ಪು ಹೊರಿಸಿ ಕೊಬ್ಬರಿ ಎಣ್ಣೆ ಹಚ್ಚಿದಳು. ಮುಂದಿನ ಶನಿವಾರ ಮತ್ತೆ ಎದ್ದಿತು. ಉಷ್ಣವಾಗಿದೆ ಎಂದು ಜೀರಿಗೆ ಕಷಾಯ ಕುಡಿಸಿದಳು. ಸೋಪು ಬದಲಾಯಿತು, ಹೊದಿಕೆ ಬದಲಾಯಿತು, ಶನಿವಾರ ಬದಲಾಗಲಿಲ್ಲ.

ಮತ್ತೆ ಆ ಒಂದು ಇಪ್ಪತ್ತಕ್ಕೆ ಬರುತ್ತೇನೆ. ನಾವು ನಕ್ಕು ಮುಗಿಸುವಷ್ಟರಲ್ಲಿ ರಘುವಿನ ಒಂದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅವನು ಅಳಲಿಲ್ಲ. ಅಳುವುದಕ್ಕೆ ಬೇಕಾದಷ್ಟು ಉಸಿರು ಅವನಲ್ಲಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಕೆಮ್ಮಿದ, ಗಂಟಲನ್ನು ಹೊರಗಿನಿಂದ ಕೆರೆದುಕೊಂಡ. ವಾಂಗ್ ಅವರ ಹೆಂಡತಿ ಓಡಿ ಬಂದು ಅವನ ಗಲ್ಲ ಎತ್ತಿ ನೋಡಿ, “ಹಾಸ್ಪಿಟಲ್! ಡಾಕ್ಟರ್, ಹಾಸ್ಪಿಟಲ್!” ಎಂದು ಕೂಗಿದಳು. ಅಪ್ಪ ಅವನನ್ನು ಎತ್ತಿಕೊಂಡು ಕಾರಿನತ್ತ ಓಡಿದರು. ನಾನು ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವನ ಉಸಿರು ಒಳಗೆ ಹೋಗುವಾಗ ಒಂದು ಸಣ್ಣ ಶಿಳ್ಳೆ ಕೇಳುತ್ತಿತ್ತು.

ನಮ್ಮ ಬಡಾವಣೆಗೆ ಮುಂಚೆ ಒಂದು ಟ್ರಾಫಿಕ್ ಲೈಟು ಬರುತ್ತದೆ. ಎಡಕ್ಕೆ ಹೋದರೆ ಆಸ್ಪತ್ರೆ, ಬಲಕ್ಕೆ ಹೋದರೆ ಮನೆ. ಕೆಂಪು ದೀಪ. ಅಪ್ಪ ಎಡಕ್ಕೆ ಸಿಗ್ನಲ್ ಹಾಕಿದರು. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಾಣ ಟಿಕ್ ಟಿಕ್ ಎಂದು ಮಿನುಗುತ್ತಿತ್ತು. ದೀಪ ಹಸಿರಾಯಿತು. ಕಾರು ಅಲ್ಲೇ ನಿಂತಿತ್ತು. ಹಿಂದಿನವನು ಹಾರ್ನ್ ಹೊಡೆದ. ಅಪ್ಪ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರು. ಎಡಗಡೆಯ ಬಾಣ ಆಮೇಲೂ ಸ್ವಲ್ಪ ದೂರ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಆ ಸದ್ದನ್ನು ನಾನು ಈಗಲೂ ಕೇಳುತ್ತೇನೆ. ಇಷ್ಟು ವರ್ಷಗಳಿಂದ ನಾನೇ ಕಾರು ಓಡಿಸುತ್ತಿದ್ದೇನೆ. ಸಿಗ್ನಲ್ ಹಾಕಿ ಕಾಯುವಾಗಲೆಲ್ಲ ಹಿಂದಿನ ಸೀಟಿನಲ್ಲಿ ಯಾರೋ ಉಸಿರಿಗೆ ಒದ್ದಾಡುತ್ತಿದ್ದಾರೆ ಅನ್ನಿಸಿ ಕನ್ನಡಿ ನೋಡುತ್ತೇನೆ.

“ಅಪ್ಪ, ಹಾಸ್ಪಿಟಲ್ ಆ ಕಡೆ!”

“ಮನೇಲಿ ಅಲರ್ಜಿ ಮಾತ್ರೆ ಇದೆ. ನಂಗೆ ಗೊತ್ತು, ಸುಮ್ನಿರು.”

ಅಪ್ಪನಿಗೆ ಹೂವಿನ ಪರಾಗ ಆಗುತ್ತಿರಲಿಲ್ಲ, ಮಾತ್ರೆ ಇದ್ದದ್ದು ನಿಜ. ಮುಂದೆ ಜೀವನವಿಡೀ ಅವರು ಕೊಟ್ಟ ಕಾರಣ ಅದೊಂದೇ. ಆಸ್ಪತ್ರೆಯವರು ಏನು ತಿಂದ ಎಂದು ಕೇಳುತ್ತಾರೆ, ಮನೆಯಲ್ಲಾದರೆ ಯಾರೂ ಕೇಳುವುದಿಲ್ಲ. ಇದು ನಾನು ಹುಡುಕಿಕೊಂಡ ಕಾರಣ.

ನಾವು ಬಾಗಿಲಲ್ಲಿ ನಿಂತು ಮಡಿಯೇ ಎಂದು ಕೇಳಲಿಲ್ಲ. ಅಮ್ಮ ಒದ್ದೆ ಕೂದಲಿನ ತುದಿಗೆ ಗಂಟು ಹಾಕಿಕೊಂಡು, ಮಡಿ ಸೀರೆಯಲ್ಲಿ ಒಲೆಯ ಮುಂದೆ ನಿಂತಿದ್ದಳು. ಸದ್ದಿಗೆ ತಿರುಗಿ, ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮುಖ ನೋಡಿದಳು.

“ಅಯ್ಯೋ, ಏನ್ರೀ ಇದು! ಏನಾಯ್ತು ಮಗೂಗೆ?”

“ಜೇನುನೊಣ ಕಚ್ತು. ಪಾರ್ಕಲ್ಲಿ. ಮಾತ್ರೆ ಕೊಡ್ತೀನಿ, ಹೆದರ್ಕೋಬೇಡ.”

ಅಮ್ಮ ಎರಡೂ ಕೈ ಚಾಚಿ ಅವನನ್ನು ಎದೆಗೆ ಎಳೆದುಕೊಂಡಳು. ಕಪ್ಪು ಗೊಜ್ಜು ಅವಳ ಮಡಿ ಸೀರೆಗೆ ಮೆತ್ತಿತು. ಅವನ ಕತ್ತು, ಕಿವಿಯ ಹಿಂದೆ, ಅಂಗೈ, ಎಲ್ಲ ಕಡೆ ಬೆರಳಾಡಿಸಿ ಮುಳ್ಳು ಹುಡುಕಿದಳು.

“ಎಲ್ಲಿ ಕಚ್ಚಿದ್ದು? ಮುಳ್ಳೆಲ್ಲಿ? ರೀ, ಮುಳ್ಳೆಲ್ಲಿದೆ?”

ಅಪ್ಪ ಮಾತ್ರೆಯನ್ನು ಚಮಚದಲ್ಲಿ ಪುಡಿ ಮಾಡುತ್ತಿದ್ದರು. ಅರ್ಧ ಪುಡಿ ನೆಲಕ್ಕೆ ಚೆಲ್ಲುತ್ತಿತ್ತು. ಅಮ್ಮ ಇಲ್ಲದ ಮುಳ್ಳನ್ನು ಹುಡುಕುತ್ತಲೇ ಇದ್ದಳು. ಅದೆಷ್ಟು ಹೊತ್ತು ನಡೆಯಿತು? ಒಂದು ನಿಮಿಷವೋ, ಮೂರು ನಿಮಿಷವೋ? ಹೋಟೆಲಿನಲ್ಲಿ ಪ್ರತಿ ನಿಮಿಷವನ್ನೂ ಎಣಿಸಿದ್ದ ನಾನು ಇಲ್ಲಿ ಗಡಿಯಾರ ನೋಡಲಿಲ್ಲ. ರಘುವಿನ ಶಿಳ್ಳೆ ನಿಂತಿತು. ಬಾಯಿ ತೆರೆದಿತ್ತು, ಎದೆ ಏಳುತ್ತಿತ್ತು, ಸದ್ದಿರಲಿಲ್ಲ.

“ಜೇನಲ್ಲ ಅಮ್ಮ. ಹೋಟ್ಲಲ್ಲಿ ತಿಂದ.”

ಅಮ್ಮ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಒಲೆ ಆರಿಸಿದಳು. ಆ ಅವಸರದಲ್ಲೂ ಒಲೆ ಆರಿಸಿದ್ದು ನನಗೆ ನೆನಪಿದೆ. ಬರಿಗಾಲಲ್ಲೇ ಅವನನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂತಳು.

“ಹೊರಡಿ.”

ಅವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ಅಪ್ಪನ ಹಿಂದಲೆಯನ್ನೇ ನೋಡುತ್ತ, ರಘುವಿನ ಬೆನ್ನನ್ನು ಮೇಲಿಂದ ಕೆಳಗೆ ಉಜ್ಜುತ್ತಿದ್ದಳು. ಆಸ್ಪತ್ರೆಯಲ್ಲಿ ಬಿಳಿ ಕೋಟಿನವರು ಅವನನ್ನು ಅವಳ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡರು. ಯಾರೋ ಸೂಜಿ ಚುಚ್ಚಿದರು. ಇನ್ನು ಯಾರೋ ಮುಖಕ್ಕೆ ಮಾಸ್ಕ್ ಹಿಡಿದರು. ಒಬ್ಬ ಡಾಕ್ಟರ್ ನಮ್ಮ ಕಡೆ ತಿರುಗಿ, ಹುಡುಗ ಏನು ತಿಂದಿದ್ದಾನೆ, ಬೇಗ ಹೇಳಿ, ಎಂದರು. ಅಮ್ಮ ಅಪ್ಪನತ್ತ ನೋಡಿದಳು. ಕಾಳು, ಈರುಳ್ಳಿ, ನೂಡಲ್ಸ್ ಎಂದು ಅಪ್ಪ ಹೇಳುತ್ತಾರೆಂದು ನಾನು ಕಾದೆ. ಕ್ಯಾರೆಟ್ ಎಂದೂ ಹೇಳಬಹುದೆಂದು ಕಾದೆ.

“ಶ್ರಿಂಪ್,” ಎಂದರು ಅಪ್ಪ, ಇಂಗ್ಲಿಷಿನಲ್ಲಿ, ನೆಲ ನೋಡುತ್ತ. “ಸಣ್ಣ ಶ್ರಿಂಪ್. ಎರಡು ತಿಂಗಳಿಂದ, ವಾರಕ್ಕೊಂದು ಸಲ.”

ಶ್ರಿಂಪ್ ಎಂದರೆ ಸೀಗಡಿ ಎಂದು ಅಮ್ಮನಿಗೆ ಗೊತ್ತಿತ್ತು. ಗ್ರೋಸರಿ ಅಂಗಡಿಯಲ್ಲಿ ಆ ಸಾಲಿನ ಮುಂದೆ ಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದವಳು ಅವಳು. ಈಗ ಮೂಗು ಮುಚ್ಚಿಕೊಳ್ಳಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು, ಬರಿಗಾಲುಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು. ಅರ್ಧ ಗಂಟೆಯ ಮೇಲೆ ಡಾಕ್ಟರ್ ಬಂದು ಉಸಿರು ಸರಿಯಾಗಿದೆ ಎಂದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ, ಎಂದು ಶುರು ಮಾಡಿ, ಅಮ್ಮನ ಮುಖ ನೋಡಿ ನಿಲ್ಲಿಸಿದರು. ಅವರು ಹೋದ ಮೇಲೆ ಅಮ್ಮ ನನಗೆ ಹೇಳಿದಳು. ಅಪ್ಪನಿಗಲ್ಲ, ನನಗೆ.

“ನಿಂಗೂ ಗೊತ್ತಿತ್ತು.”

“ಅಪ್ಪ ಕ್ಯಾರೆಟ್ ಅಂದ್ರು ಅಮ್ಮ.”

“ನೀನು ಕ್ಯಾರೆಟ್ ನೋಡಿಲ್ವಾ?”

ನಂತರದ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಮುಗಿದುಹೋಗುತ್ತಿತ್ತೇನೋ. ಅಮ್ಮ ಪ್ರಾಯಶ್ಚಿತ್ತದ ಮಾತೆತ್ತಲಿಲ್ಲ, ಊರಿಗೆ ಕಾಗದ ಬರೆಯಲಿಲ್ಲ. ಒಂದೇ ಒಂದು ಬದಲಾವಣೆ ಮಾಡಿದಳು. ಅಪ್ಪನಿಗೆ ಮೊದಲಿನಂತೆಯೇ ಎಲ್ಲ ಬಡಿಸುತ್ತಿದ್ದಳು, ಉಪ್ಪು, ಕೋಸಂಬರಿ, ಪಲ್ಯ, ತುಪ್ಪ, ಒಂದನ್ನೂ ಬಿಡದೆ. ಆದರೆ “ಇನ್ನೊಂಚೂರು ಹಾಕ್ಲಾ?” ಎಂದು ಕೇಳುವುದನ್ನು ನಿಲ್ಲಿಸಿದಳು. ಕೇಳದೆ ಬಡಿಸಿಕೊಳ್ಳುವುದು ಅಪ್ಪನಿಗೂ ಗೊತ್ತಿರಲಿಲ್ಲ. ಮೊದಲ ಸಲ ಹಾಕಿದ ಅನ್ನ ಮುಗಿದ ಮೇಲೆ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತಿರುತ್ತಿದ್ದರು. ನಂತರ ಎದ್ದು ಕೈ ತೊಳೆಯುತ್ತಿದ್ದರು. ಆ ಚಳಿಗಾಲದಲ್ಲಿ ಅವರ ಪ್ಯಾಂಟುಗಳು ಸಡಿಲವಾದವು.

ರಾತ್ರಿ ಅಮ್ಮ ರಘುವಿನ ಎದೆಯ ಮೇಲೆ ಅಂಗೈ ಇಟ್ಟು ಕೂತಿರುತ್ತಿದ್ದಳು. ನಾನು ಪಕ್ಕದ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಅವನ ಉಸಿರು ಎಣಿಸುತ್ತಿದ್ದೆ. ಅಪ್ಪ ಬಾಗಿಲವರೆಗೆ ಬಂದು ವಾಪಸು ಹೋಗುವ ಹೆಜ್ಜೆ ಸದ್ದು ಕೇಳುತ್ತಿತ್ತು. ಮೂವರೂ ಎಚ್ಚರವಾಗಿದ್ದೆವು, ಒಬ್ಬರ ಎಚ್ಚರ ಇನ್ನೊಬ್ಬರಿಗೆ ಗೊತ್ತೇ ಇಲ್ಲವೆಂಬಂತೆ ಇದ್ದೆವು. ನಿದ್ದೆ ಮಾಡುತ್ತಿದ್ದವನು ರಘು ಒಬ್ಬನೇ.

ಅಮ್ಮ ಡ್ರೈವಿಂಗ್ ಕಲಿತಳು. ಎದುರುಮನೆಯ ಅಮೆರಿಕನ್ ಹೆಂಗಸಿನ ಹತ್ತಿರ ಹೋಗಿ, “ಟೀಚ್ ಮಿ,” ಎಂದು ಕೇಳಿದಳಂತೆ. ಎರಡು ಸಲ ಫೇಲಾಗಿ ಮೂರನೇ ಸಲ ಲೈಸೆನ್ಸ್ ಸಿಕ್ಕಿತು. ಮೊದಲ ದಿನ ನಮ್ಮಿಬ್ಬರನ್ನು ಕೂರಿಸಿಕೊಂಡು ಮನೆಯಿಂದ ಆಸ್ಪತ್ರೆಯವರೆಗೆ ಹೋಗಿ, ಗೇಟಿನ ಮುಂದೆ ನಿಲ್ಲಿಸಿ, ನನ್ನ ಕೈಗೆ ಕೊಟ್ಟಿದ್ದ ವಾಚನ್ನು ನೋಡಿದಳು.

“ಎಷ್ಟಾಯ್ತು?”

“ಒಂಬತ್ತು ನಿಮಿಷ.”

“ಜಾಸ್ತಿ ಆಯ್ತು,” ಎಂದು ವಾಪಸು ಬಂದು ಮತ್ತೆ ಹೋದಳು. ಎಂಟಾಯಿತು. ಅವತ್ತು ನಾಲ್ಕು ಸಲ ಹೋಗಿ ಬಂದೆವು.

ಅದಾದ ಎರಡನೇ ವಾರ, ಶನಿವಾರವೇ, ಅಮ್ಮ ಪೂಜೆಗೆ ಕೂರುವ ಮುಂಚೆ ಕೀ ತೆಗೆದುಕೊಂಡಳು.

“ನಡಿ, ಆ ಹೋಟ್ಲು ತೋರ್ಸು. ರಘೂನೂ ಕರ್ಕೋ.”

ಹನ್ನೊಂದು ಗಂಟೆ. ಹೋಟೆಲು ಇನ್ನೂ ತೆರೆದಿರಲಿಲ್ಲ, ಒಳಗಿನಿಂದ ಥಪ್ ಥಪ್ ಕೇಳುತ್ತಿತ್ತು. ಅಮ್ಮ ಗಾಜಿನ ಬಾಗಿಲು ಬಡಿದಳು. ವಾಂಗ್ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಅಮ್ಮನ ಸೀರೆ, ಕುಂಕುಮ ನೋಡಿ ಅರ್ಥವಾಗದೆ ನಿಂತಳು. ಆಮೇಲೆ ಅವಳ ಹಿಂದೆ ನಿಂತಿದ್ದ ರಘುವನ್ನು ಕಂಡಳು. ಅವಳ ಬಾಯಿಂದ ಯಾವ ಭಾಷೆಯದೂ ಅಲ್ಲದ ಒಂದು ಸದ್ದು ಬಂತು. ಮಂಡಿಯೂರಿ ಕೂತು, ಹಿಟ್ಟು ಮೆತ್ತಿದ ಕೈಗಳಲ್ಲಿ ಅವನ ಮುಖ ಹಿಡಿದುಕೊಂಡು ಅಳತೊಡಗಿದಳು.

“ಐ ಥಿಂಕ್ ಹಿ ಡೈ. ಡಾಕ್ಟರ್ ನೋ ಕಮ್. ಆಲ್ ವಿಂಟರ್, ಐ ಥಿಂಕ್ ಹಿ ಡೈ.”

ಅಪ್ಪ ಅಲ್ಲಿಗೆ ಮತ್ತೆ ಹೋಗಿರಲಿಲ್ಲ, ಒಂದು ಫೋನೂ ಮಾಡಿರಲಿಲ್ಲ. ರಾಕ್ವಿಲ್ ರಸ್ತೆಯಲ್ಲಿ ಇನ್ನೊಬ್ಬಳು ಹೆಂಗಸು ಇಡೀ ಚಳಿಗಾಲ ನಿದ್ದೆ ಇಲ್ಲದೆ ಕಳೆದಿದ್ದಾಳೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಮ್ಮ ಅವಳ ಭುಜ ಮುಟ್ಟಿ ಎಬ್ಬಿಸಿದಳು. ಪೂಜೆಯ ದಿನ ಅವಳು ಹೊರಗಿನವರೊಬ್ಬರನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ವೈ ಯು ಪುಟ್?” ಎಂದು ಅಮ್ಮ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನೋ ಮೀಟ್, ಹಿ ಸೇ. ವೈ ಯು ಪುಟ್ ಶ್ರಿಂಪ್?”

“ಡಾಕ್ಟರ್ ಸೇ ನೋ ಪಿಗ್. ಬಾಯ್ ಟೂ ಥಿನ್. ಐ ಸೇ, ಶ್ರಿಂಪ್ ಓಕೆ? ಡಾಕ್ಟರ್ ಸೇ ಓಕೆ, ಓಕೆ.” ಅವಳು ಗಾಳಿಯಲ್ಲಿ ಚಾಕು ಆಡಿಸುವಂತೆ ಕೈ ಆಡಿಸಿದಳು. “ಡಾಕ್ಟರ್ ಸೇ, ಚಾಪ್ ವೆರಿ ಸ್ಮಾಲ್. ಚಿಲ್ಡ್ರನ್ ನೋ ಸೀ.”

ಅಮ್ಮ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು. ವಾಂಗ್ ಅವರ ಹೆಂಡತಿ ಒಳಗೆ ಓಡಿ ಒಂದು ಕಿತ್ತಳೆ ಹಣ್ಣು ತಂದಳು. ಅಮ್ಮ ಅದನ್ನು ತಾನೇ ಸುಲಿದು, ಒಂದೊಂದು ತೊಳೆಯನ್ನೂ ಬೆಳಕಿಗೆ ಹಿಡಿದು ನೋಡಿ, ರಘುವಿನ ಕೈಗಿಟ್ಟಳು.

ಕಾರಿನಲ್ಲಿ ಬಹಳ ದೂರ ಬಂದ ಮೇಲೆ, ಆ ಟ್ರಾಫಿಕ್ ಲೈಟಿನಲ್ಲಿ ನಿಂತಿದ್ದಾಗ, ರಸ್ತೆಯನ್ನೇ ನೋಡುತ್ತ ಅಮ್ಮ ಹೇಳಿದಳು.

“ಅಷ್ಟು ಸಣ್ಣಗೆ ಹೆಚ್ಚಿದ್ರೆ ನಿಂಗೆಲ್ಲಿ ಗೊತ್ತಾಗ್ಬೇಕು ಬಿಡು.”

ನನಗೆ ಸಿಕ್ಕ ತುಂಡು ಸಣ್ಣದಾಗಿರಲಿಲ್ಲ. ಚಾಕುವಿಗೆ ತಪ್ಪಿಸಿಕೊಂಡ ಒಂದೇ ಒಂದು ತುಂಡು ನನ್ನ ಬಟ್ಟಲಿಗೇ ಬಂದಿತ್ತು. ಅದನ್ನು ಅಮ್ಮನಿಗೆ ಹೇಳಲು ನನಗೆ ಆಗಲೂ ಮುಂದೆಯೂ ಆಗಲಿಲ್ಲ. ಅವಳು ಕೊಟ್ಟ ಕ್ಷಮೆಯನ್ನು ಹಾಗೇ ಇಟ್ಟುಕೊಂಡೆ.

ಮಧ್ಯಾಹ್ನ ಪೂಜೆ ಮುಗಿದ ಮೇಲೆ ಅಮ್ಮ ಎಲ್ಲರಿಗೂ ಬಡಿಸಿದಳು. ಅಪ್ಪ ತಟ್ಟೆಯ ಮುಂದೆ ಕೂತಿದ್ದಾಗ ಹೇಳಿದಳು.

“ಅವಳನ್ನ ಕೇಳ್ಕೊಂಡು ಬಂದೆ.”

ಅಪ್ಪನ ಕೈ ನಿಂತಿತು.

“ಏನಂದ್ಲು?”

“ನೀವು ಏನು ಹೇಳಿಕೊಟ್ರೋ ಅದನ್ನೇ ಅಂದ್ಲು.”

ಅಪ್ಪ ಉಣ್ಣುವುದನ್ನು ಮುಂದುವರಿಸಲೂ ಇಲ್ಲ, ಏಳಲೂ ಇಲ್ಲ. ಅಮ್ಮ ತನ್ನ ತಟ್ಟೆ ಹಾಕಿಕೊಂಡು, ಬಹಳ ದಿನಗಳ ಮೇಲೆ, ಹೊಟ್ಟೆ ತುಂಬ ಉಂಡಳು. ಮೊಸರನ್ನಕ್ಕೆ ಎರಡು ಸಲ ಉಪ್ಪಿನಕಾಯಿ ಹಾಕಿಕೊಂಡಳು.

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಮೊದಲು ಹೆದರಿಕೆಯಾಯಿತು. ಯಾರೂ ಎಣಿಸದೆ ಒಂದು ಇಡೀ ರಾತ್ರಿ ಕಳೆದುಹೋಗಿತ್ತು. ರಘುವಿನ ಹಾಸಿಗೆ ಖಾಲಿ. ಓಡಿಹೋಗಿ ನೋಡಿದರೆ ಅವನು ಟಿ.ವಿ. ಮುಂದೆ ಕಾಲು ಚಾಚಿ ಕೂತು, ಡಬ್ಬಕ್ಕೆ ಕೈ ಹಾಕಿ ಸೀರಿಯಲ್ ತಿನ್ನುತ್ತಿದ್ದ. ಅಡಿಗೆಮನೆಯಲ್ಲಿ ಅಪ್ಪ ತಾವೇ ಕಾಫಿ ಕಾಸಿಕೊಂಡು, ಲೋಟ ಹಿಡಿದು ನಿಂತಿದ್ದರು.

“ಅಮ್ಮ ಎದ್ಲಾ?” ಎಂದು ಪಿಸುಗುಟ್ಟಿದರು.

ನಾನು ಹೋಗಿ ಬಾಗಿಲು ಸರಿಸಿ ನೋಡಿದೆ. ಅಮ್ಮ ಗೋಡೆಯ ಕಡೆ ತಿರುಗಿ ಗಾಢವಾಗಿ ಮಲಗಿದ್ದಳು. ಕಾರಿನ ಕೀ ಅವಳ ದಿಂಬಿನ ಕೆಳಗಿನಿಂದ ಅರ್ಧ ಕಾಣುತ್ತಿತ್ತು.